ಬಚ್ಚಲಿಗೆ ಸುರಿಯುವ ಮುನ್ನ

ಮನೆಯಲ್ಲಿ ಬಿಯರ್ ತಯಾರಿಸುವವರ ನಡುವೆ ಒಂದು ಮಾತು ಶಾಸ್ತ್ರವಾಕ್ಯದಂತೆ ಚಲಾವಣೆಯಲ್ಲಿದೆ: ಸಂಶಯ ಬಂದರೆ ಸುರಿದುಬಿಡು. ಹೊರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈ ಹವ್ಯಾಸವನ್ನು ಹಚ್ಚಿಕೊಂಡವರು ನಾಲ್ಕೈದು ಮಂದಿಯಾದರೂ ಇದ್ದಾರೆ. ಅವರ ಪತ್ರಗಳಲ್ಲಿ ಈ ವಾಕ್ಯ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. 'ಸಾರ್, ಈ ಸಲದ್ದು ಕೆಟ್ಟುಹೋಯಿತು, ಸಿಂಕಿಗೆ ಸುರಿದೆವು.' ಏನು ಕೆಟ್ಟಿತು, ಕೆಟ್ಟಿತೆಂದು ಹೇಗೆ ತಿಳಿಯಿತು, ಅಳೆದು ನೋಡಿದಿರಾ ಎಂದು ಮರುಪತ್ರದಲ್ಲಿ ಕೇಳಿದರೆ ಉತ್ತರವಿಲ್ಲ. ವಾಸನೆ ಒಂದು ಥರಾ ಇತ್ತಂತೆ. ಮೇಲೆ ಏನೋ ತೇಲುತ್ತಿತ್ತಂತೆ. ಗುಳ್ಳೆ ನಿಂತುಹೋಗಿತ್ತಂತೆ. ಇಷ್ಟಕ್ಕೇ ಹತ್ತೊಂಬತ್ತು ಲೀಟರು ಬಚ್ಚಲ ಪಾಲು! ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಗಾದೆಯನ್ನು ನಾವು ಹಳ್ಳಿಯವರನ್ನು ಹಾಸ್ಯಮಾಡಲು ಬಳಸುತ್ತಿದ್ದೆವು. ಅದು ಇಂಜಿನಿಯರುಗಳಿಗೂ ಅನ್ವಯಿಸೀತೆಂದು ನಾನು ಎಣಿಸಿರಲಿಲ್ಲ.

ಬಂಧುಗಳಲ್ಲಿ ಕೆಲವರು ಹುಬ್ಬೇರಿಸುವರೆಂದು ಬಲ್ಲೆ. ನಿವೃತ್ತ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಬಿಯರಿನ ಉಸಾಬರಿ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಾನು ಕುಡಿಯುವವನಲ್ಲ, ಕುಡಿಯಿರೆಂದು ಯಾರಿಗೂ ಹೇಳುವವನೂ ಅಲ್ಲ. ಆದರೆ ನಾನು ಪಾಠ ಹೇಳಿದ ವಿಜ್ಞಾನದ ಹಲವು ಪುಟಗಳು ಬ್ರೂವರಿಯಲ್ಲಿ ಹುಟ್ಟಿದವು ಎಂಬುದನ್ನು ಮರೆಯುವಂತಿಲ್ಲ. ಆಮ್ಲ ಪ್ರತ್ಯಾಮ್ಲಗಳನ್ನು ಅಳೆಯುವ ಪಿಎಚ್ ಮಾನವನ್ನು 1909ರಲ್ಲಿ ಸೋರೆನ್‌ಸೆನ್ ರೂಪಿಸಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಶಕ್ತಿಯ ಮಾನಕ್ಕೆ ತನ್ನ ಹೆಸರನ್ನು ಕೊಟ್ಟ ಜೂಲ್, ಸಾಲ್ಫರ್ಡಿನ ಬ್ರೂವರಿ ಮನೆತನದವನು. ಸಂಖ್ಯಾಶಾಸ್ತ್ರ ಓದಿದವರೆಲ್ಲ ಬಲ್ಲ ಟಿ ಪರೀಕ್ಷೆಯನ್ನು 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಗಾಸೆಟ್, ಗಿನ್ನೆಸ್ ಬ್ರೂವರಿಯ ನೌಕರ. ಇಷ್ಟು ಸಾಕು. ಹುದುಗಿನ ಬಗ್ಗೆ ಮಾತನಾಡಲು ರಸಾಯನಶಾಸ್ತ್ರದ ಮೇಷ್ಟ್ರಿಗೆ ಅಪ್ಪಣೆ ಬೇಕಿಲ್ಲ.

ಕಾನೂನಿನ ಮಾತನ್ನು ಮೊದಲೇ ಆಡಿ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ 1963ರಲ್ಲಿ ಮಾಡ್ಲಿಂಗ್ ಎಂಬ ಹಣಕಾಸು ಮಂತ್ರಿ ಮನೆಬಿಯರಿಗೆ ಬೇಕಿದ್ದ ಪರವಾನಗಿಯನ್ನು ತೆಗೆದುಹಾಕಿದರು. ಅಮೆರಿಕದಲ್ಲಿ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಶಾಸನ 1979ರ ಫೆಬ್ರವರಿಯಿಂದ ಜಾರಿಗೆ ಬಂತು. ವಯಸ್ಕನೊಬ್ಬನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್. ರಾಜ್ಯಗಳು ಒಂದೊಂದಾಗಿ ಒಪ್ಪುತ್ತ ಬಂದು, ಕೊನೆಯವಾದ ಅಲಬಾಮ, ಮಿಸಿಸಿಪಿಗಳು ಒಪ್ಪಿದ್ದು 2013ರಲ್ಲಿ. ನಮ್ಮಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಆದ್ದರಿಂದ ಈ ಬರಹ ಕಾನೂನು ಒಪ್ಪುವ ಕಡೆ ಇರುವವರಿಗೆ ಮಾತ್ರ. ಊರಿನಲ್ಲಿರುವವರು ಇದನ್ನು ರಸಾಯನಶಾಸ್ತ್ರದ ಪಾಠವೆಂದು ಓದಿಕೊಳ್ಳಬೇಕು. ಇನ್ನೊಂದು ಮಾತು. ಬಿಯರ್ ಎಂದೊಡನೆ ನಮ್ಮ ಹಿರಿಯರಿಗೆ ಕಳ್ಳಬಟ್ಟಿ ನೆನಪಾಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 2008ರಲ್ಲಿ ಕರ್ನಾಟಕ ತಮಿಳುನಾಡುಗಳ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಮೆಥನಾಲ್ ಬೆರೆತ ಮದ್ಯ ಕುಡಿದು. ಬಾರ್ಲಿಯ ಮಾಲ್ಟನ್ನು ಹುದುಗಿಸುವಾಗ ಅಪಾಯವಾಗುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಬಿಯರಿಗೆ ಭಟ್ಟಿ ಇಳಿಸುವ ಕೆಲಸವೇ ಇಲ್ಲ. ಆ ಭಯದಿಂದ ಬಿಯರನ್ನು ಚೆಲ್ಲುವವರು ಎರಡು ಬೇರೆ ವಸ್ತುಗಳನ್ನು ಒಂದೆಂದು ತಿಳಿದಿದ್ದಾರೆ.

ಈಗ ವಿಷಯಕ್ಕೆ ಬರೋಣ. ಕೆಲಸದ ಕ್ರಮ ಸರಳ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ಸಿನ ನೀರಿನಲ್ಲಿ ನೆನೆಹಾಕಿದರೆ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿಗಷಾಯವನ್ನು ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಮುಚ್ಚಿಡಬೇಕು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಎರಡು ಮೂರು ವಾರಗಳ ಮೇಲೆ ಸ್ವಲ್ಪ ಸಕ್ಕರೆ ಸೇರಿಸಿ ಬಾಟಲಿಗೆ ತುಂಬಿದರೆ ಒಳಗೇ ಅನಿಲ ಹುಟ್ಟಿ ನೊರೆ ಬರುತ್ತದೆ. ದೋಸೆಹಿಟ್ಟು ಉಕ್ಕುವುದನ್ನು ನೋಡಿದ ಯಾರಿಗೂ ಇದರಲ್ಲಿ ಪರಮಾಶ್ಚರ್ಯವೇನೂ ಇಲ್ಲ. ಆದರೂ ಒಂದು ವ್ಯತ್ಯಾಸವಿದೆ. ಹಿಟ್ಟು ಉಕ್ಕದಿದ್ದರೆ ನಮ್ಮ ಮನೆಯ ಹೆಂಗಸರು ಚಳಿಯಾಯಿತೆಂದು ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತಿದ್ದರೇ ಹೊರತು ತಿಪ್ಪೆಗೆ ಹಾಕುತ್ತಿರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಅದೇ ಪ್ರಸಂಗದಲ್ಲಿ ಗಾಬರಿಯಾಗುತ್ತಾರೆ.

ಮೊದಲ ಗಾಬರಿ ಹನ್ನೆರಡನೆಯ ಗಂಟೆಗೇ ಶುರುವಾಗುತ್ತದೆ. ಯೀಸ್ಟ್ ಹಾಕಿ ರಾತ್ರಿ ಮಲಗಿದವನು ಬೆಳಿಗ್ಗೆ ಎದ್ದು ನೋಡಿದರೆ ಏರ್‌ಲಾಕಿನಲ್ಲಿ ಗುಳ್ಳೆಯಿಲ್ಲ. ಸತ್ತಿತು ಎಂದು ತೀರ್ಮಾನ! ಯೀಸ್ಟ್ ಹೊಸ ದ್ರವಕ್ಕೆ ಹೊಂದಿಕೊಂಡು ಸಂಖ್ಯೆ ಹೆಚ್ಚಿಸಿಕೊಳ್ಳಲು ಒಂದು ದಿನ ತೆಗೆದುಕೊಳ್ಳುವುದು ಸಹಜ. ಕೆಲವೊಮ್ಮೆ ಮೂರು ದಿನವೂ ಆಗುತ್ತದೆ. ಇನ್ನು ಗುಳ್ಳೆಯಾದರೂ ಸಾಕ್ಷಿಯೇ? ಪ್ಲಾಸ್ಟಿಕ್ ಬಕೆಟ್ಟಿನ ಮುಚ್ಚಳ ಸಡಿಲವಾಗಿದ್ದರೆ ಅನಿಲ ಅಂಚಿನಿಂದ ಹೊರಬೀಳುತ್ತದೆ, ಏರ್‌ಲಾಕ್ ಮೌನವಾಗಿರುತ್ತದೆ, ಒಳಗೆ ಹುದುಗು ಭರದಿಂದ ನಡೆದಿರುತ್ತದೆ. ಬಕೆಟ್ಟಿನ ಬದಿಗೆ ಕಂದುಬಣ್ಣದ ನೊರೆಯ ಗುರುತು ಅಂಟಿದ್ದರೆ ಕೆಲಸ ನಡೆದಿದೆ ಎಂದರ್ಥ. ಆ ನೊರೆಯನ್ನೇ ಕೆಲವರು ರೋಗವೆಂದು ತಿಳಿಯುತ್ತಾರೆ. ಕೊಳಕು ಕೆನೆಯಂತೆ, ಹಾಪ್ಸಿನ ಹಸಿರು ಚೂರುಗಳನ್ನು ಹೊತ್ತು ತೇಲುವ ಅದು ನೋಡಲು ಚೆನ್ನಾಗಿಲ್ಲ, ನಿಜ. ಹೆರಿಗೆಮನೆಯೂ ನೋಡಲು ಚೆನ್ನಾಗಿರುವುದಿಲ್ಲ.

ನನ್ನ ಮುಖ್ಯವಾದ ಆಕ್ಷೇಪಣೆ ಇರುವುದು ಇಲ್ಲಿ. ಮೂವತ್ತು ಡಾಲರಿನ ಸಾಮಾನು ಕೊಳ್ಳುವವರು, ಕೆಲವೇ ಡಾಲರಿನ ಹೈಡ್ರೋಮೀಟರನ್ನು ಡಬ್ಬದಿಂದ ಹೊರಗೆ ತೆಗೆಯುವುದಿಲ್ಲ. ನಿಮ್ಮ ಊರಿನ ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಮುಳುಗಿಸಿ ನೀರು ಬೆರೆಸಿದವನನ್ನು ಹಿಡಿಯುತ್ತಿದ್ದುದು ನೆನಪಿದೆಯಲ್ಲವೇ? ಇದು ಅದರ ಸೋದರ. ಸಕ್ಕರೆ ಹೆಚ್ಚಿದ್ದರೆ ಗಾಜಿನ ಕಡ್ಡಿ ಮೇಲಕ್ಕೆ ತೇಲುತ್ತದೆ, ಕರಗಿಹೋದಂತೆ ಇಳಿಯುತ್ತದೆ. ಮೊದಲು 1.050 ಇದ್ದದ್ದು ಕೊನೆಗೆ 1.010ಕ್ಕೆ ಬಂದರೆ ವ್ಯತ್ಯಾಸ 0.040, ಅದನ್ನು 131ರಿಂದ ಗುಣಿಸಿದರೆ ಆಲ್ಕೊಹಾಲು ಶೇಕಡ 5ಕ್ಕಿಂತ ತುಸು ಮೇಲೆ. ಏಳನೆಯ ತರಗತಿಯ ಲೆಕ್ಕ. ಎರಡು ಮೂರು ದಿನಗಳ ಅಂತರದಲ್ಲಿ ಎರಡು ಸಲ ಅಳೆದು ಅಂಕೆ ಬದಲಾಗಿಲ್ಲವೆಂದರೆ ಮಾತ್ರ ಹುದುಗು ನಿಂತಿದೆ ಎನ್ನಬಹುದು. ಅಲ್ಲಿಯವರೆಗೆ 'ನಿಂತಿದೆ' ಎಂಬುದು ಅಭಿಪ್ರಾಯ.

ಅಳೆಯುವವರೂ ಎಡವುವುದುಂಟು. ಹೈಡ್ರೋಮೀಟರನ್ನು ಸಾಮಾನ್ಯವಾಗಿ 15.5 ಅಥವಾ 20 ಡಿಗ್ರಿಗೆ ಹೊಂದಿಸಿರುತ್ತಾರೆ. ಬಿಸಿ ಕಷಾಯದಲ್ಲಿ ಮುಳುಗಿಸಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹನಿಯೊಂದರಿಂದಲೇ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇನ್ನೂ ಮೋಸದ್ದು. ಆಲ್ಕೊಹಾಲು ಬೆಳಕನ್ನು ಬಾಗಿಸುವ ರೀತಿಯೇ ಬೇರೆಯಾದ್ದರಿಂದ, 1.050ರಿಂದ 1.010ಕ್ಕೆ ಸರಿಯಾಗಿ ಇಳಿದ ಬಿಯರನ್ನು ಅದು ಹೆಚ್ಚುಕಡಿಮೆ 1.025 ಎಂದು ತೋರಿಸೀತು. ತಿದ್ದುಪಡಿಯ ಸೂತ್ರ ಹಾಕದೆ ಇದನ್ನು ನಂಬಿದವನು, ಮುಗಿದ ಬಿಯರಿಗೆ 'ಸಿಕ್ಕಿಕೊಂಡಿದೆ' ಎಂದು ಹೆಸರಿಟ್ಟು ಚಿಕಿತ್ಸೆ ಶುರುಮಾಡುತ್ತಾನೆ. ಮಾಲ್ಟ್ ಸಾರದಿಂದ ಮಾಡುವವರ ತೊಡಕು ಬೇರೆ. ದಪ್ಪ ಕಷಾಯಕ್ಕೆ ಮೇಲಿಂದ ತಣ್ಣೀರು ಸುರಿದು ಚೆನ್ನಾಗಿ ಕಲಕದಿದ್ದರೆ ಭಾರವಾದದ್ದು ಕೆಳಗೆ ಉಳಿಯುತ್ತದೆ. ಮೇಲಿನಿಂದ ತೆಗೆದ ಮಾದರಿ ನೀರುನೀರಾಗಿ 1.030 ತೋರಿಸುತ್ತದೆ. ಆಗ ಒಬ್ಬ ಪುಣ್ಯಾತ್ಮ ಒಂದು ಕಿಲೋ ಸಕ್ಕರೆ ಸುರಿದ! ಎರಡೂವರೆ ಕಿಲೋ ಒಣ ಮಾಲ್ಟ್ ಸಾರವನ್ನು 19 ಲೀಟರಿಗೆ ಕರಗಿಸಿದರೆ 1.048ರ ಆಸುಪಾಸು ಆಗಲೇಬೇಕು. ದ್ರವ್ಯ ಎಲ್ಲಿಗೂ ಓಡಿಹೋಗುವುದಿಲ್ಲ. ದ್ರವ್ಯರಾಶಿಯ ನಿತ್ಯತೆಯ ನಿಯಮವನ್ನು ನನ್ನ ಮುಂದೆ ಕೂತು ಬಾಯಿಪಾಠ ಮಾಡಿದವರಲ್ಲಿ ಅವನೂ ಒಬ್ಬ.

ಚೆಲ್ಲುವವರ ಜೊತೆಗೆ ನಾನು ಸಮಾನವಾಗಿ ವಿರೋಧಿಸುವುದು ಈ ಸುರಿಯುವ ಪಂಗಡವನ್ನು. ಏನಾದರೂ ತೊಂದರೆಯೆನಿಸಿದರೆ ಏನಾದರೂ ಹಾಕಬೇಕು ಎಂಬುದು ಇವರ ಧರ್ಮ. ಇವರಿಗೆ ಪುಡಿ ಮಾರುವ ಅಂಗಡಿಗಳೂ ಇವೆ. ಇಳಿಯದ ಬಿಯರಿಗೆ ಗ್ಲುಕೊಅಮೈಲೇಸ್ ಎಂಬ ಕಿಣ್ವವನ್ನು ಸೂಚಿಸುತ್ತಾರೆ. ಆ ಕಿಣ್ವ ಬಿಯರಿಗೆ ಮೈಕಟ್ಟು ಕೊಡುವ ಡೆಕ್ಸ್‌ಟ್ರಿನ್ನುಗಳನ್ನೂ ಕತ್ತರಿಸಿ ಸಕ್ಕರೆಯಾಗಿಸುತ್ತದೆ. ಎಲ್ಲಿ ನಿಲ್ಲಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಬಿಯರ್ 1.000ದವರೆಗೆ ಇಳಿದು ತೆಳ್ಳಗಾಗುತ್ತದೆ. ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಒಳಗೂ ಕತ್ತರಿಸುತ್ತಲೇ ಇರುತ್ತದೆ. ಅದರ ಫಲವನ್ನು ಮುಂದೆ ಹೇಳುತ್ತೇನೆ. ನಿಜವಾಗಿ ನಿಂತ ಹುದುಗಿಗೆ ಸಾಮಾನ್ಯ ಕಾರಣ ಚಳಿ. ನೆಲಮಾಳಿಗೆ ರಾತ್ರಿ 14 ಡಿಗ್ರಿಗೆ ಇಳಿದರೆ ಏಲ್ ಜಾತಿಯ ಯೀಸ್ಟ್ ಮುದುಡಿ ತಳಕ್ಕೆ ಕೂರುತ್ತದೆ. ಬಕೆಟ್ಟನ್ನು 20 ಡಿಗ್ರಿಯ ಕೋಣೆಗೆ ತಂದು, ಮುಚ್ಚಳ ತೆಗೆಯದೆ ಮೆಲ್ಲಗೆ ಅಲುಗಿಸಿ ಗಷ್ಟನ್ನು ಏಳಿಸಿದರೆ ಬಹಳಷ್ಟು ಸಲ ಅಷ್ಟೇ ಸಾಕು. ಸಾಲದಿದ್ದರೆ ಹೊಸ ಯೀಸ್ಟ್. ಅದನ್ನೂ ಒಣಪುಡಿಯಾಗಿ ಉದುರಿಸಿದರೆ ಪ್ರಯೋಜನ ಕಡಿಮೆ. ಆಲ್ಕೊಹಾಲು ತುಂಬಿದ, ಸಕ್ಕರೆ ಕರಗಿದ ದ್ರವಕ್ಕೆ ನಿದ್ದೆಯಿಂದೆದ್ದ ಯೀಸ್ಟ್ ಹೊಂದಿಕೊಳ್ಳಲಾರದು. ಒಂದು ಲೀಟರು ಹೊಸ ಕಷಾಯದಲ್ಲಿ ಮೊದಲು ಕುದುರಿಸಿ, ನೊರೆ ಉಕ್ಕುವಾಗ ಸೇರಿಸಬೇಕು. ಇನ್ನು ಮಾಲ್ಟನ್ನು 70 ಡಿಗ್ರಿಯ ಮೇಲೆ ನೆನೆಹಾಕಿದ್ದರೆ ಹುದುಗಲಾರದ ಸಕ್ಕರೆಯೇ ಹೆಚ್ಚಿರುತ್ತದೆ, 1.020ಕ್ಕೆ ನಿಂತದ್ದು ಅಲ್ಲೇ ನಿಲ್ಲುತ್ತದೆ. ಅದಕ್ಕೆ ಔಷಧಿ ಬೇಡ. ಸ್ವಲ್ಪ ಸಿಹಿಯಾದ, ಗಟ್ಟಿಮೈಯ ಬಿಯರ್ ಎಂದು ಕುಡಿಯಿರಿ.

ಇತಿಹಾಸದಲ್ಲಿ ಬಿಯರ್ ಕೆಟ್ಟದ್ದು ನಿಮ್ಮ ಮನೆಯಲ್ಲೇ ಮೊದಲಲ್ಲ. 1871ರಲ್ಲಿ ಪಾಶ್ಚರ್ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿ ಅಲ್ಲಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರೊಳಗಿನ ಪರಕೀಯ ಜೀವಿಗಳನ್ನು ತೋರಿಸಿಕೊಟ್ಟ. ಒಂದು ವಾರದೊಳಗೆ ಆತ ಮತ್ತೆ ಹೋದಾಗ ಬ್ರೂವರಿಯವರು ತಮ್ಮದೇ ಸೂಕ್ಷ್ಮದರ್ಶಕವನ್ನು ಕೊಂಡಿದ್ದರು. ಬಿಯರನ್ನು ಕುರಿತ ಆತನ ಗ್ರಂಥ 1876ರಲ್ಲಿ ಬಂತು. ಕಾರ್ಲ್ಸ್‌ಬರ್ಗಿನಲ್ಲಿ ಬಿಯರಿಗೆ ರೋಗ ಹತ್ತಿದಾಗ ಎಮಿಲ್ ಹ್ಯಾನ್ಸೆನ್ ಎಂಬಾತ ಕಾಡುಯೀಸ್ಟ್ ಸೇರಿಕೊಂಡಿರುವುದನ್ನು ಕಂಡುಹಿಡಿದು, ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದ; ಅದು 1883. ಮಾಲೀಕ ಯಾಕೊಬ್ಸೆನ್ ಆ ತಳಿಯನ್ನು ಬಚ್ಚಿಡದೆ ಇತರ ಬ್ರೂವರಿಗಳಿಗೂ ಹಂಚಿದ. ಕೆಟ್ಟ ಬಿಯರನ್ನು ಅವರೂ ಚೆಲ್ಲಿರಬಹುದು. ಆದರೆ ಚೆಲ್ಲುವುದಕ್ಕೆ ಮುಂಚೆ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಿದರು.

ಯೀಸ್ಟಿನ ವಿಚಾರದಲ್ಲಿ ನನಗೆ ಬಹಳ ಮೆಚ್ಚುಗೆಯ ಸಂಗತಿಯೊಂದಿದೆ. ಅದು ಮಾಡಿದ ಗಲೀಜನ್ನು ತಾನೇ ಬಳಿಯುತ್ತದೆ. ಹುದುಗುವಾಗ ಯೀಸ್ಟ್ ಒಂದು ಆಮ್ಲವನ್ನು ಹೊರಗೆ ಬಿಡುತ್ತದೆ. ಅದು ಬಿಯರಿನಲ್ಲಿ ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ. ಡೈಅಸಿಟೈಲಿಗೆ ಬೆಣ್ಣೆಯ ವಾಸನೆ. ಮೂಗಿಟ್ಟವನು ಹೌಹಾರುತ್ತಾನೆ. ಆದರೆ ಬಿಯರನ್ನು ಗಷ್ಟಿನ ಮೇಲೆಯೇ ಬಿಟ್ಟು 18ರಿಂದ 20 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟರೆ ಯೀಸ್ಟ್ ಅದನ್ನು ಮತ್ತೆ ಒಳಗೆ ಎಳೆದುಕೊಂಡು ವಾಸನೆಯಿಲ್ಲದ ವಸ್ತುವಾಗಿಸುತ್ತದೆ. ಹಸಿಸೇಬಿನ ವಾಸನೆಯ ಅಸಿಟಾಲ್ಡಿಹೈಡಿನ ಕಥೆಯೂ ಇದೇ. ಲಾಗರ್ ಯೀಸ್ಟ್ ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆಯನ್ನು ಬಿಡುತ್ತದೆ. ಪ್ರಯೋಗಾಲಯದಲ್ಲಿ ಕಿಪ್ ಉಪಕರಣದ ಪಕ್ಕ ನಿಂತು ಮೂಗು ಮುಚ್ಚಿಕೊಂಡ ನಿಮಗೆ ಹೈಡ್ರೋಜನ್ ಸಲ್ಫೈಡಿನ ಪರಿಚಯವಿದೆ. ಇಂಗಾಲದ ಡೈಆಕ್ಸೈಡಿನ ಜೊತೆಯಲ್ಲಿ ಅದೂ ಬಹುಪಾಲು ಹಾರಿಹೋಗುತ್ತದೆ. ಈ ಮೂರನ್ನೂ ಅವಸರದ ಕೈ ಶಾಶ್ವತಗೊಳಿಸುತ್ತದೆ: ವಾಸನೆ ಬಂತೆಂದು ಬಿಯರನ್ನು ಯೀಸ್ಟಿನಿಂದ ಬೇರ್ಪಡಿಸಿ ಬೇರೆ ಪಾತ್ರೆಗೆ ಬಗ್ಗಿಸಿದರೆ, ಅಥವಾ ಫ್ರಿಜ್ಜಿನಲ್ಲಿಟ್ಟರೆ, ಬಳಿಯಬೇಕಾದವರನ್ನು ಮನೆಯಿಂದ ಅಟ್ಟಿದಂತೆ.

ಕೊಲೊರಾಡೊದಲ್ಲಿ ಮಗಳ ಮನೆಯಲ್ಲಿದ್ದಾಗ ಇದನ್ನು ಕಣ್ಣಾರೆ ಕಂಡೆ. ಸಮುದ್ರಮಟ್ಟದಿಂದ 1,600 ಮೀಟರು ಎತ್ತರದ ಊರು. ಅಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ, ಹಾಪ್ಸಿನ ಕಹಿ ಬಿಡಿಸಿಕೊಳ್ಳಲು ಇನ್ನಷ್ಟು ಹೊತ್ತು ಬೇಕು. ನಮ್ಮ ಅಳಿಯಂದಿರು ಗ್ಯಾರೇಜಿನಲ್ಲಿ ಮಾಡಿದ್ದ ಬಿಯರಿಗೆ ಬೆಣ್ಣೆಯ ವಾಸನೆ ಬಂದು, ಬಕೆಟ್ಟು ಸಿಂಕಿನ ಅಂಚಿನವರೆಗೆ ಬಂದಾಗಿತ್ತು. 'ಮಾವ, ಇದಿನ್ನು ಆಗಲಿಲ್ಲ' ಎಂದರು. ಒಂದು ವಾರ ಒಳಮನೆಯ ಮೂಲೆಯಲ್ಲಿಡಿ, ಆಮೇಲೆ ಚೆಲ್ಲುವುದು ಇದ್ದೇ ಇದೆಯಲ್ಲ ಎಂದೆ. ವಾರದ ಮೇಲೆ ಪರೀಕ್ಷೆ ನಡೆಯಿತು. ಒಂದು ಲೋಟದ ಮಾದರಿಯನ್ನು ಮುಚ್ಚಿ 65 ಡಿಗ್ರಿಯ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿಸಿ, ಮೂಸಿ ನೋಡಬೇಕು. ಒಳಗೆ ಅಡಗಿರುವ ಡೈಅಸಿಟೈಲ್ ಬಿಸಿಗೆ ಹೊರಬರುತ್ತದೆ. ವಾಸನೆ ಬರಲಿಲ್ಲ. ಅವರ ಸ್ನೇಹಿತರು ಅದನ್ನು ಕುಡಿದು ಮೆಚ್ಚಿಕೊಂಡರಂತೆ. ರುಚಿಯ ವಿಷಯದಲ್ಲಿ ನಾನು ಸಾಕ್ಷಿಯಲ್ಲ. ಒಂದು ಎಚ್ಚರಿಕೆ: ಬೆಣ್ಣೆವಾಸನೆ ಕಾದಷ್ಟೂ ಹೆಚ್ಚುತ್ತಾ ಜೊತೆಗೆ ಹುಳಿಯೂ ಬರುತ್ತಿದ್ದರೆ ಅದು ಯೀಸ್ಟಿನದಲ್ಲ, ಪೆಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಅಲ್ಲಿ ಕಾಯುವಿಕೆಯಿಂದ ಉಪಕಾರವಿಲ್ಲ.

ಹಾಗಾದರೆ ಯಾವುದನ್ನೂ ಚೆಲ್ಲಬಾರದೇ? 'ಎಂದಿಗೂ ಚೆಲ್ಲಬೇಡ' ಎನ್ನುವವರೂ ಇದ್ದಾರೆ. ಅವರ ಹಟವನ್ನೂ ನಾನು ಒಪ್ಪಲಾರೆ. ನಲ್ಲಿನೀರಿನ ಕ್ಲೋರೀನ್ ಮಾಲ್ಟಿನ ಫೀನಾಲುಗಳೊಡನೆ ಸೇರಿ ಆಸ್ಪತ್ರೆಯ ಬ್ಯಾಂಡೇಜಿನಂತಹ ವಾಸನೆ ಹುಟ್ಟಿದರೆ ಅದು ವರ್ಷ ಕಳೆದರೂ ಹೋಗುವುದಿಲ್ಲ. ಪಾತ್ರೆಯನ್ನು ಬ್ಲೀಚಿನಲ್ಲಿ ತೊಳೆದು ಸರಿಯಾಗಿ ಜಾಲಿಸದವರಿಗೂ ಇದೇ ಗತಿ. (ಮುಂದಿನ ಸಲಕ್ಕೆ: 75 ಲೀಟರು ನೀರಿಗೆ ಒಂದು ಕ್ಯಾಂಪ್ಡೆನ್ ಮಾತ್ರೆ ಹಾಕಿದರೆ ಕ್ಲೋರೀನೂ ಕ್ಲೋರಮೀನೂ ನಿವಾರಣೆಯಾಗುತ್ತವೆ.) ಹಸಿರು ಅಥವಾ ಬಿಳಿ ಬಾಟಲಿಯನ್ನು ಬಿಸಿಲಿನಲ್ಲಿಟ್ಟರೆ ಹಾಪ್ಸಿನ ಕಹಿವಸ್ತು ಬೆಳಕಿಗೆ ಒಡೆದು ಗಂಧಕಯುಕ್ತ ದುರ್ವಾಸನೆ ಬರುತ್ತದೆ, ಕಂದು ಬಾಟಲಿ ಇರುವುದು ಅಂದಕ್ಕಲ್ಲ. ಹುದುಗು ಮುಗಿದ ಮೇಲೆ ಗಾಳಿ ಬೆರೆತರೆ ಒದ್ದೆ ರಟ್ಟಿನ ರುಚಿ. ಇವು ಯಾವುವೂ ದೇಹಕ್ಕೆ ವಿಷವಲ್ಲ. ಆಲ್ಕೊಹಾಲು, ಹಾಪ್ಸು, ಆಮ್ಲತೆ ಇರುವ ಬಿಯರಿನಲ್ಲಿ ಮನುಷ್ಯನಿಗೆ ರೋಗ ತರುವ ಜೀವಿಗಳು ಸಾಮಾನ್ಯವಾಗಿ ಬೆಳೆಯಲಾರವು. ಆದರೆ ರುಚಿಗೆಟ್ಟದ್ದನ್ನು ಛಲಕ್ಕಾಗಿ ಕುಡಿಯಬೇಕಿಲ್ಲ. ಕಾರಣ ಗೊತ್ತಾದ ಮೇಲೆ ಚೆಲ್ಲಿರಿ. ನೂಲುನೂಲಾದ, ಬಣ್ಣದ ಬೂಷ್ಟು ಹಬ್ಬಿದ್ದರೆ ಚೆಲ್ಲಿರಿ. ಕುದಿಯುವ ಕಷಾಯದಲ್ಲಿ ಗಾಜಿನ ಥರ್ಮಾಮೀಟರು ಒಡೆದಿದ್ದರೆ ಒಂದು ಕ್ಷಣವೂ ಯೋಚಿಸಬೇಡಿ. ಪಾದರಸದ್ದಾಗಿದ್ದರೆ ಬಚ್ಚಲಿಗೂ ಸುರಿಯಬೇಡಿ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಬಟ್ಟೆಯಲ್ಲಿ ಸೋಸಿದರೆ ಸಾಕಲ್ಲವೇ ಎಂದು ಕೇಳಿದವರಿಗೆ ನಾನು ಇಲ್ಲಿ ಉತ್ತರ ಬರೆಯುವುದಿಲ್ಲ.

ಬಾಟಲಿ ಸಿಡಿಯುವ ವಿಚಾರವನ್ನು ವಿಸ್ತಾರವಾಗಿ ಹೇಳಲೇಬೇಕು. ಮನೆಬಿಯರಿನ ತಪ್ಪುಗಳಲ್ಲಿ ರಕ್ತ ಬರಿಸುವುದು ಇದೊಂದೇ. ವಿಚಿತ್ರವೆಂದರೆ ಸುಮ್ಮನಿದ್ದ ಬಿಯರನ್ನು ಗಾಬರಿಯಿಂದ ಚೆಲ್ಲುವವರೇ ಇಲ್ಲಿ ಧೈರ್ಯವಂತರಾಗಿಬಿಡುತ್ತಾರೆ. ಲೆಕ್ಕ ನೋಡಿ. ಒಂದು ಲೀಟರು ಬಿಯರಿನಲ್ಲಿ ಒಂದು ಲೀಟರು ಅನಿಲ ಕರಗಿದ್ದರೆ ಒಂದು ಸಂಪುಟ ಎನ್ನೋಣ. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಆಗಲೇ ಸುಮಾರು 0.85 ಸಂಪುಟ ಇರುತ್ತದೆ. ಲೀಟರಿಗೆ 4 ಗ್ರಾಂ ಸಕ್ಕರೆ ಒಂದು ಸಂಪುಟವನ್ನು ಕೂಡಿಸುತ್ತದೆ. 19 ಲೀಟರಿಗೆ 114 ಗ್ರಾಂ, ಅಂದರೆ ಲೀಟರಿಗೆ 6 ಗ್ರಾಂ ಹಾಕಿದರೆ ಒಟ್ಟು 2.4ರ ಸಮೀಪ, ಇದು ಹಿತವಾದ ಪ್ರಮಾಣ. ಈಗ 1.010ಕ್ಕೆ ಇಳಿಯಬೇಕಾದ ಬಿಯರನ್ನು ಅಳೆಯದೆ 1.020ರಲ್ಲೇ ತುಂಬಿದಿರಿ ಎಂದುಕೊಳ್ಳಿ. ಹೈಡ್ರೋಮೀಟರಿನ ಒಂದೊಂದು ಗೆರೆಗೆ, ಅಂದರೆ 0.001ಕ್ಕೆ, ಅರ್ಧ ಸಂಪುಟ. ಹತ್ತು ಗೆರೆಗೆ ಐದು. ಹಾಕಿದ ಸಕ್ಕರೆಯೂ ಸೇರಿ ಏಳನ್ನು ಮೀರಿತು. ಸಾಮಾನ್ಯ ಬಿಯರ್ ಬಾಟಲಿಯನ್ನು ಮೂರರ ಮೇಲೆ ನಂಬುವುದೇ ಕಷ್ಟ. ಕಪಾಟಿನಲ್ಲಿ ಐವತ್ತು ಬಾಟಲಿ, ಕೋಣೆಯಲ್ಲಿ ಅಂಬೆಗಾಲಿಡುವ ಮಗು... ಮುಂದಿನದನ್ನು ಬರೆಯಲಾರೆ.

ಒಂದು ಬಾಟಲಿ ಸಿಡಿದರೆ, ಅಥವಾ ತೆರೆದಾಗ ನೊರೆ ಚಾವಣಿಗೆ ಚಿಮ್ಮಿದರೆ, ಉಳಿದವೂ ಅದೇ ದಾರಿಯಲ್ಲಿವೆ ಎಂದು ತಿಳಿಯಿರಿ. ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ದಪ್ಪ ಕೈಗವಸು, ಕಣ್ಣಿಗೆ ಪ್ರಯೋಗಾಲಯದ ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ. ದಪ್ಪ ಟವೆಲಿನಿಂದ ಮುಚ್ಚಿ, ಅಲುಗಿಸದೆ ಫ್ರಿಜ್ಜಿಗೆ ಸೇರಿಸಿ. ತಂಪಿಗೆ ಅನಿಲ ಹೆಚ್ಚು ಕರಗಿ ಒತ್ತಡ ಇಳಿಯುತ್ತದೆ, ಯೀಸ್ಟೂ ನಿಧಾನವಾಗುತ್ತದೆ. ಒಂದೆರಡು ದಿನ ಕಳೆದು ಚೆನ್ನಾಗಿ ತಣಿದ ಮೇಲೆ, ಟವೆಲು ಸುತ್ತಿಯೇ ಮುಚ್ಚಳವನ್ನು ಮೆಲ್ಲಗೆ ಎತ್ತಿ ಅನಿಲ ಬಿಟ್ಟು, ಹೊಸ ಮುಚ್ಚಳ ಹಾಕಿ ಮತ್ತೆ ತಂಪಿನಲ್ಲೇ ಇಡಬಹುದು. ಹೀಗೆ ಬಿಯರ್ ಉಳಿಯುತ್ತದೆ. ಆದರೆ ಗಾಜು ಆಗಲೇ ಸಿಡಿಯುತ್ತಿದ್ದು, ಬಾಟಲಿಗಳ ಬಳಿ ಹೋಗುವುದೇ ಅಪಾಯವೆನಿಸಿದರೆ ಬಿಯರನ್ನು ಉಳಿಸುವ ಮಾತೇ ಬೇಡ. ಅಳೆಯಲು ಇರುವ ಸಮಯ ಬಾಟಲಿ ತುಂಬುವ ಮೊದಲು.

ಇದರ ವಿರುದ್ಧದ ತಪ್ಪು, ನೊರೆಯೇ ಬರದಿರುವುದು. ಹತ್ತು ದಿನಕ್ಕೇ ತೆರೆದು ಸಪ್ಪೆ ಎನ್ನುವವರು 20 ಡಿಗ್ರಿಯಲ್ಲಿ ಮೂರು ವಾರ ಕಾಯಲಿ. ಸಕ್ಕರೆ ಹಾಕಲು ಮರೆತಿದ್ದರೆ ಮುಚ್ಚಳ ತೆಗೆದು ಪ್ರತಿ ಬಾಟಲಿಗೂ ಅಳತೆಯ ಸಕ್ಕರೆ ಹಾಕಿ ಮತ್ತೆ ಮುಚ್ಚಿದರಾಯಿತು. ಅದರಲ್ಲಿ ರಹಸ್ಯವೇನಿಲ್ಲ.

ನನ್ನ ವಾದಕ್ಕೆ ಎದುರಾಗಿ ಬಂದ ಮಾತುಗಳಲ್ಲಿ ತೂಕವುಳ್ಳದ್ದು ಒಂದೇ. 'ಸಾರ್, ಮೂವತ್ತು ಡಾಲರಿನ ಸಾಮಾನು ಅದು. ನನ್ನ ಒಂದು ಗಂಟೆಯ ಸಂಬಳ ಅದಕ್ಕಿಂತ ಹೆಚ್ಚು. ಚೆಲ್ಲಿ ಹೊಸದು ಮಾಡುವುದೇ ಲಾಭ' ಎಂದು ಒಬ್ಬರು ಬರೆದರು. ಲೆಕ್ಕ ಸರಿಯಂತೆ ಕಾಣುತ್ತದೆ. ಆದರೆ ಕಾಯುವುದಕ್ಕೆ ಯಾರ ಗಂಟೆ ಖರ್ಚಾಗುತ್ತದೆ? ಬಕೆಟ್ಟು ಮೂಲೆಯಲ್ಲಿ ಕೂತಿರುತ್ತದೆ, ಯೀಸ್ಟಿಗೆ ಸಂಬಳವಿಲ್ಲ. ಹೊಸದು ಮಾಡಲು ಹೊರಟರೆ ಅರ್ಧ ದಿನವೇ ಹೋಗುತ್ತದೆ. ಮೇಲಾಗಿ ಚೆಲ್ಲಿದವನಿಗೆ ಕಾರಣ ಗೊತ್ತಾಗಿಲ್ಲ. ಅದೇ ನಲ್ಲಿನೀರು, ಅದೇ ತಣ್ಣನೆಯ ನೆಲಮಾಳಿಗೆ, ಅದೇ ಗೀಚುಬಿದ್ದ ಪ್ಲಾಸ್ಟಿಕ್ ಕೊಳವೆ ಎರಡನೆಯ ಸಲವೂ ಕಾದಿರುತ್ತವೆ. ಲಾಭವೇ ಮುಖ್ಯವಾದವರಿಗೆ ಅಂಗಡಿಯಲ್ಲಿ ಬಿಯರ್ ಸಿಗುತ್ತದೆ. ಮನೆಯಲ್ಲಿ ಮಾಡುತ್ತೇನೆಂದು ಹೊರಟವನು ಗಂಟೆಯ ಸಂಬಳದ ಲೆಕ್ಕವನ್ನು ಮೊದಲ ದಿನವೇ ಕೈಬಿಟ್ಟಿರುತ್ತಾನೆ, ತೊಂದರೆ ಬಂದಾಗ ಮಾತ್ರ ಅದನ್ನು ನೆನಪಿಸಿಕೊಳ್ಳುತ್ತಾನೆ.

ಪ್ರಾಯೋಗಿಕ ಪರೀಕ್ಷೆಯ ದಿನಗಳು ನಿಮಗೆ ನೆನಪಿರಬಹುದು. ಬ್ಯುರೆಟ್ಟಿನ ಅಂಕೆ ತಪ್ಪಿದರೆ ಹಾಳೆಯನ್ನೇ ಹರಿದು ಜೇಬಿಗೆ ಸೇರಿಸುವವರಿದ್ದರು. ತಪ್ಪಿದ ಅಂಕೆಯ ಮೇಲೆ ಒಂದೇ ಗೆರೆ ಎಳೆಯಿರಿ, ಅದು ಓದಲು ಬರುವಂತಿರಲಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ ಎಂಬ ನಿಯಮಕ್ಕಾಗಿ ನನ್ನನ್ನು ಶಪಿಸಿದವರು ಈಗ ಇದನ್ನು ಓದುತ್ತಿದ್ದೀರಿ. ಬಿಯರಿಗೂ ಒಂದು ಪುಸ್ತಕವಿಡಿ. ದಿನಾಂಕ, ನೀರೆಷ್ಟು, ಮಾಲ್ಟೆಷ್ಟು, ಯೀಸ್ಟ್ ಹಾಕಿದಾಗಿನ ಉಷ್ಣತೆ, ಮೊದಲ ಅಂಕೆ, ಕೊನೆಯ ಅಂಕೆ, ವಾಸನೆ. ಕಷಾಯ ಹಾಲಿನಂತೆ ಉಕ್ಕಿ ಒಲೆ ಆರಿದ್ದನ್ನೂ ಬರೆಯಿರಿ. ಯೀಸ್ಟನ್ನು ಆರದ ಬಿಸಿ ಕಷಾಯಕ್ಕೆ ಹಾಕಿ ಕೊಂದವರು ಪೊಟ್ಟಣವನ್ನು ಬೈಯುತ್ತಾ ಕೂರುವುದು, ಕುಣಿಯಲಾರದವಳು ನೆಲ ಡೊಂಕು ಎಂದಂತಲ್ಲವೇ? ಪುಸ್ತಕದಲ್ಲಿ ಉಷ್ಣತೆ ಬರೆದಿದ್ದರೆ ನೆಲದ ಡೊಂಕೆಷ್ಟು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕಳೆದ ವಾರ ಒಬ್ಬರು, ಹತ್ತು ದಿನವಾದರೂ 1.022ರಲ್ಲೇ ನಿಂತಿದೆ, ಚೆಲ್ಲಲೇ ಎಂದು ಕೇಳಿ ಬರೆದಿದ್ದಾರೆ. ಹೆಸರು ಹೇಳುವುದಿಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವರು. ಅವರಿಗೆ ಉತ್ತರ: ಅಳೆದದ್ದು ಹೈಡ್ರೋಮೀಟರಿನಲ್ಲೋ ರಿಫ್ರ್ಯಾಕ್ಟೋಮೀಟರಿನಲ್ಲೋ ತಿಳಿಸಿ. ಎರಡನೆಯದಾದರೆ ಇಂದೇ ಹೈಡ್ರೋಮೀಟರಿನಲ್ಲಿ ಅಳೆಯಿರಿ, ತೊಂದರೆ ಅಲ್ಲೇ ಮುಗಿದರೂ ಮುಗಿದೀತು. ಮೊದಲನೆಯದಾದರೆ ಬಕೆಟ್ಟಿನ ಬದಿಗೆ ಥರ್ಮಾಮೀಟರು ಕಟ್ಟಿ ಮುಂಜಾವಿನ ಉಷ್ಣತೆ ಎಷ್ಟೆಂದು ನೋಡಿ. ಹದಿನೈದಕ್ಕಿಂತ ಕಡಿಮೆಯಿದ್ದರೆ ಬೆಚ್ಚಗಿನ ಕೋಣೆಗೆ ತನ್ನಿ, ಗಷ್ಟನ್ನು ಅಲುಗಿಸಿ, ಭಾನುವಾರ ಒಮ್ಮೆ, ಬುಧವಾರ ಒಮ್ಮೆ ಅಳೆಯಿರಿ. ಎರಡು ಅಂಕೆಗಳನ್ನೂ ಮಾಲ್ಟ್ ನೆನೆಹಾಕಿದ ಉಷ್ಣತೆಯನ್ನೂ ಬರೆದು ಕಳಿಸಿ. 'ಒಂದು ಥರಾ ವಾಸನೆ' ಎಂದು ಮಾತ್ರ ಬರೆಯಬೇಡಿ.